ಮಳೆ ಊರಿನ ಮಲಗುವ ಕೋಣೆಗೆ ಗೋಡೆ ವಾರ್ಡ್‌ರೋಬ್: ಯಾವ ಗೋಡೆಗೆ, ಯಾವ ಹಲಗೆ, ಎಂಥ ಬಾಗಿಲು?

ಕಡೂರುರಸ್ತೆ ಮನೆ

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನಲ್ಲಿ ಕಡೂರು ರಸ್ತೆ ಕಡೆ ಮನೆ ಕಟ್ಟಿಸುತ್ತಿದ್ದೇವೆ. ಈ ಮಳೆಗಾಲದಲ್ಲೇ ಪ್ಲಾಸ್ಟರಿಂಗ್ ಆಯ್ತು, ಈಗ ಟೈಲ್ಸ್ ಕೆಲಸ ನಡೆಯುತ್ತಿದೆ. ಮಾಘದಲ್ಲಿ ಗೃಹಪ್ರವೇಶ ಅಂದುಕೊಂಡಿದ್ದೇವೆ. ಅಷ್ಟರೊಳಗೆ ಎರಡು ಮಲಗುವ ಕೋಣೆಗೂ ವಾರ್ಡ್‌ರೋಬ್ ಆಗಬೇಕು.

ದೊಡ್ಡ ಕೋಣೆ 14 ಅಡಿಗೆ 11 ಅಡಿ. ಪಶ್ಚಿಮದ ಗೋಡೆಗೆ ಉದ್ದಕ್ಕೂ, ಅಂದರೆ 11 ಅಡಿ, ನೆಲದಿಂದ ತಾರಸಿವರೆಗೆ ವಾರ್ಡ್‌ರೋಬ್ ಅಂತ ಪ್ಲ್ಯಾನ್‌ನಲ್ಲಿ ಬರೆದಿದ್ದಾರೆ. ಆ ಗೋಡೆಯ ಆಚೆ ಖಾಲಿ ಸೈಟು, ಮಳೆ ನೇರವಾಗಿ ಹೊಡೆಯುತ್ತದೆ. ಸಣ್ಣ ಕೋಣೆ ಅತ್ತೆಗೆ. ಅಲ್ಲಿ ಗೋಡೆಯಲ್ಲೇ ಗೂಡು ಬಿಟ್ಟು ಕಡಪ ಕಲ್ಲು ಕೂರಿಸಿದ್ದಾರೆ. ಬಾಗಿಲು ಮಾತ್ರ ಬಾಕಿ. ಗೂಡಿನ ಆಳ ಒಂದೂವರೆ ಅಡಿ. ಅದರ ಹಿಂದಿನ ಗೋಡೆ ಬಚ್ಚಲುಮನೆಯದು.

ಒಂದು ಕಡೆ ಮಾಡ್ಯುಲರ್ ಅಂಗಡಿಯವರು ಫ್ಯಾಕ್ಟರಿಯಲ್ಲಿ ಮಾಡಿ ತಂದು ಜೋಡಿಸುತ್ತೇವೆ ಅಂತಾರೆ. ಇನ್ನೊಂದು ಕಡೆ ನಮ್ಮ ಬಾಗಿಲು ಕಿಟಕಿ ಮಾಡಿದ ಆಚಾರ್ರು ಮನೆಯಲ್ಲೇ ಮಾಡಿಕೊಡುತ್ತೇನೆ ಅಂತಾರೆ. ಒಬ್ಬರು ಎಚ್‌ಡಿಎಚ್‌ಎಂಆರ್ (ಮರದ ನಾರು ಒತ್ತಿ ಮಾಡಿದ, ತೇವ ತಡೆಯುವ ಬೋರ್ಡು) ಅಂದರೆ ಇನ್ನೊಬ್ಬರು ಪ್ಲೈವುಡ್. ಒಬ್ಬರು ಜಾರುವ ಬಾಗಿಲು, ಇನ್ನೊಬ್ಬರು ತೆರೆಯುವ ಬಾಗಿಲು. ಅತ್ತೆಗೆ ಮಂಡಿ ನೋವು, ಭುಜವೂ ಸರಿಯಿಲ್ಲ. ನಮ್ಮ ಕಡೆಯ ಮಳೆ ಗೊತ್ತಿರುವವರು ದಯವಿಟ್ಟು ಹೇಳಿ.

ಮೂಡಿಗೆರೆ ಕಾಫಿಹೂವು

ಅಕ್ಕ, ಹಲಗೆ ಯಾವುದು ಅನ್ನೋದು ಆಮೇಲಿನ ಮಾತು. ಮೊದಲು ಆ ಪಶ್ಚಿಮದ ಗೋಡೆ ಬಿಡಿ.

ನಮ್ಮ ಕಡೆ ಮುಂಗಾರಿನ ಮಳೆ ಬರುವುದೇ ನೈಋತ್ಯದಿಂದ. ಆರಿದ್ರಾ ಹಿಡಿದರೆ ಪುಷ್ಯ, ಆಶ್ಲೇಷದವರೆಗೂ ಆ ಗೋಡೆ ಒಣಗುವುದೇ ಇಲ್ಲ. ನಮ್ಮ ತವರು ಮನೆಯಲ್ಲಿ ಅಂಥದೇ ಗೋಡೆಗೆ ವಾರ್ಡ್‌ರೋಬ್ ಇದೆ. ಪುಷ್ಯ ಮಳೆ ಹೊತ್ತಿಗೆ ಬಾಗಿಲು ತೆಗೆದರೆ ಮೊದಲು ಬರುವುದು ವಾಸನೆ. ಹಿಂಬದಿ ಹಲಗೆ ಮುಟ್ಟಿದರೆ ತಣ್ಣಗೆ, ಬೆರಳಿಗೆ ಪಸೆ ಅಂಟುತ್ತದೆ. ಅಪ್ಪನ ಕರಿ ಕೋಟಿನ ಭುಜದ ಮೇಲೆ ಬೂದಿ ಚೆಲ್ಲಿದ ಹಾಗೆ ಬೂಷ್ಟು. ಚರ್ಮದ ಬೆಲ್ಟು, ಚಪ್ಪಲಿ ಹಸಿರು. ಎದುರಿನ ಗೋಡೆಯಲ್ಲಿ, ಅಂದರೆ ನಡುಮನೆ ಕಡೆಯ ಗೋಡೆಯಲ್ಲಿ, ಅಜ್ಜಿಯ ಕಾಲದ ಬೀಟೆ ಮರದ ಬೀರು ನಿಂತಿದೆ. ಅದರಲ್ಲಿನ ರೇಷ್ಮೆ ಸೀರೆಗೆ ಏನೂ ಆಗಿಲ್ಲ. ಅದೇ ಕೋಣೆ, ಅದೇ ಮಳೆ.

ಮನೆ ಒಳಗಿನ ಗೋಡೆ ಯಾವುದಾದರೂ ಖಾಲಿ ಇದ್ದರೆ ಅಲ್ಲಿಗೆ ತಿರುಗಿಸಿ.

ಅರಸೀಕೆರೆ ತೆಂಗು

ನಮ್ಮಲ್ಲಿ ಈ ತೊಂದರೆ ಏನೂ ಇಲ್ಲ. ಹೊರಗಿನ ಗೋಡೆಗೇ ಹಾಕಿಸಿದ್ದೇವೆ, ವರ್ಷಗಳಿಂದ ಚೆನ್ನಾಗಿದೆ. ಸುಮ್ನೆ ಹೆದರಿಸಬೇಡಿ. ನಮ್ಮ ಕಾಟ ಧೂಳು ಮತ್ತು ಗೆದ್ದಲು, ಅಷ್ಟೇ.

ಸಿವಿಲ್ ಕೆಲಸ

ಅರಸೀಕೆರೆಯವರು ಹೇಳಿದ್ದು ಅವರ ಊರಿಗೆ ಸರಿ. ಒಂದೇ ಜಿಲ್ಲೆಯಾದರೂ ಅರಸೀಕೆರೆ ಬೇರೆ, ಸಕಲೇಶಪುರ ಬೇರೆ. ಇಲ್ಲಿಯೂ ಹಾಗೇ: ಕಡೂರು, ಅಜ್ಜಂಪುರ ಬಯಲುಸೀಮೆ. ಕೊಪ್ಪ, ಶೃಂಗೇರಿ, ಮೂಡಿಗೆರೆ ಕಡೆ ಮಳೆ ಸುರಿಯುತ್ತಲೇ ಇರುತ್ತದೆ. ಚಿಕ್ಕಮಗಳೂರು ಪೇಟೆ ಇವೆರಡರ ನಡುವೆ, ಸಾವಿರ ಮೀಟರಿಗೂ ಎತ್ತರದಲ್ಲಿದೆ. ಮಳೆಯ ಜೊತೆಗೆ ಥಂಡಿಯೂ ಇದೆ. ಅದಕ್ಕೇ ಬೆಂಗಳೂರಿನ ವಿಡಿಯೋ ನೋಡಿ ಇಲ್ಲಿ ವಾರ್ಡ್‌ರೋಬ್ ಮಾಡಿಸಿದರೆ ಸರಿಹೋಗುವುದಿಲ್ಲ.

ಬೂಷ್ಟು ಎರಡು ದಾರಿಯಲ್ಲಿ ಬರುತ್ತದೆ. ಒಂದು, ಗೋಡೆಯೊಳಗಿಂದಲೇ ನೀರು ಬರುವುದು: ಹೊರಗಿನ ಪ್ಲಾಸ್ಟರಿನ ಬಿರುಕು, ಬೀಮು ಮತ್ತು ಇಟ್ಟಿಗೆ ಸೇರುವ ಜಾಗ, ಪೈಪಿನ ಸೋರಿಕೆ, ಇಂಥವು. ಇನ್ನೊಂದು, ಕೋಣೆಯ ಗಾಳಿಯಲ್ಲಿರುವ ತೇವ ತಣ್ಣನೆಯ ಗೋಡೆಗೆ ತಾಗಿ ಅಲ್ಲೇ ನೀರಾಗುವುದು. ವಾರ್ಡ್‌ರೋಬಿನ ಹಿಂದೆ ಗಾಳಿ ಆಡುವುದಿಲ್ಲ, ಕೋಣೆಯ ಬಿಸಿಯೂ ತಲುಪುವುದಿಲ್ಲ. ಹಾಗಾಗಿ ಆ ಭಾಗದ ಗೋಡೆ ಉಳಿದ ಗೋಡೆಗಿಂತ ತಣ್ಣಗೇ ಇರುತ್ತದೆ.

ಎರಡರಲ್ಲಿ ಯಾವುದು ಅಂತ ನೀವೇ ನೋಡಿಕೊಳ್ಳಬಹುದು. ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಎರಡು ಅಡಿ ಚೌಕ ಕತ್ತರಿಸಿ ಗೋಡೆಗೆ ಇಡಿ. ನಾಲ್ಕೂ ಅಂಚಿಗೆ ಗಾಳಿ ಹೋಗದ ಹಾಗೆ ಟೇಪು ಅಂಟಿಸಿ. ಒಂದೆರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಗೋಡೆಯೇ ನೀರು ಬಿಡುತ್ತಿದೆ. ಹೊರಮೈಯಲ್ಲಿ ಹನಿ ಕಂಡರೆ ಅದು ಕೋಣೆಯ ಗಾಳಿಯ ತೇವ. ಪಶ್ಚಿಮದ ಗೋಡೆಗೊಂದು, ಬಚ್ಚಲಿನ ಕಡೆಯ ಗೂಡಿಗೊಂದು, ಒಳಗಿನ ಗೋಡೆಗೊಂದು ಅಂಟಿಸಿ ನೋಡಿ.

ಇನ್ನೊಂದು ಮುಖ್ಯ ಮಾತು. ಮಳೆಗಾಲದಲ್ಲಿ ಪ್ಲಾಸ್ಟರ್ ಆಗಿದೆ ಅಂದಿರಿ. ಇಟ್ಟಿಗೆ, ಗಾರೆ ಕುಡಿದ ನೀರು ಅಷ್ಟು ಬೇಗ ಹೊರಗೆ ಹೋಗುವುದಿಲ್ಲ. ಹೊಸ ಗೋಡೆಗೆ ಒಂದು ಬೇಸಿಗೆಯಾದರೂ ಸಿಗಲಿ. ಈಗಲೇ ಮರದಿಂದ ಮುಚ್ಚಿದರೆ ಆ ನೀರು ನಿಮ್ಮ ಬಟ್ಟೆಗೇ ಬರುತ್ತದೆ.

ಕಡೂರುರಸ್ತೆ ಮನೆ

ಅಯ್ಯೋ, ಬೇಸಿಗೆ ಅಂದರೆ ಗೃಹಪ್ರವೇಶಕ್ಕೆ ವಾರ್ಡ್‌ರೋಬ್ ಇರುವುದಿಲ್ಲ ಅಂತಾಯ್ತು ಸರ್. ಪ್ಲಾಸ್ಟಿಕ್ ಹಾಳೆ ಇವತ್ತೇ ಅಂಟಿಸುತ್ತೇವೆ. ಅಂಗಡಿಯವರು ಮಾತ್ರ "ನಮ್ಮ ಬೋರ್ಡು ವಾಟರ್‌ಪ್ರೂಫ್, ಯಾವ ಗೋಡೆಗೆ ಹಾಕಿದರೂ ಏನೂ ಆಗಲ್ಲ" ಅಂತ ಗ್ಯಾರಂಟಿ ಕೊಡುತ್ತಿದ್ದಾರೆ.

ಸಿವಿಲ್ ಕೆಲಸ

ಬೋರ್ಡಿಗೆ ಏನೂ ಆಗದೆ ಇರಬಹುದು ಮೇಡಂ. ಬಟ್ಟೆಗೆ? ಬೂಷ್ಟು ಹಿಡಿಯಲು ಹಲಗೆ ಕೊಳೆಯಬೇಕಾಗಿಲ್ಲ. ತೇವದ ಗಾಳಿ, ಕತ್ತಲೆ, ಹತ್ತಿಯ ಬಟ್ಟೆ ಇದ್ದರೆ ಸಾಕು. ಪ್ಲಾಸ್ಟಿಕ್ ಡಬ್ಬದಲ್ಲಿಟ್ಟ ಬಟ್ಟೆಗೂ ಬೂಷ್ಟು ಬರುತ್ತದಲ್ವಾ?

ಉಳಿ ಸುತ್ತಿಗೆ

ನಾನು ಹಾಸನದಲ್ಲಿ ಮರಗೆಲಸ ಮಾಡುತ್ತೇನೆ. ಸಕಲೇಶಪುರ, ಆಲೂರು, ಬೇಲೂರು ಕಡೆಯ ಮನೆಗಳಿಗೂ ಹೋಗುತ್ತೇನೆ. ಹಲಗೆ ವಿಷಯ ನಾನು ಹೇಳುತ್ತೇನೆ.

ಪ್ಲೈವುಡ್ಡಿನಲ್ಲಿ ನೋಡಬೇಕಾದ್ದು ಅಂಟು. ಎಂಆರ್ ಅಂತ ಬರೆದ ಹಲಗೆಯ ಅಂಟು ಒಣ ಜಾಗಕ್ಕೆ ಮಾತ್ರ ಸರಿ. ಅಂಗಡಿಯಲ್ಲಿ ಅದನ್ನೇ "ಕಮರ್ಷಿಯಲ್" ಅಂತಾರೆ. ಐಎಸ್ 710 ಅನ್ನುವ ಮಾನಕದ ಹಲಗೆ ಅಂದರೆ ಮೆರೈನ್, ಬಿಡಬ್ಲ್ಯೂಪಿ (ಕುದಿಯುವ ನೀರಿಗೂ ಜಗ್ಗದ್ದು). ಅದರ ತುಂಡನ್ನು 72 ಗಂಟೆ ಕುದಿಯುವ ನೀರಿನಲ್ಲಿ ಇಟ್ಟರೂ ಪದರ ಬಿಡಬಾರದು, ಅದೇ ಅದರ ಪರೀಕ್ಷೆ. ನಮ್ಮ ಕಡೆ ಮಲಗುವ ಕೋಣೆಗೂ ನಾನು 710 ಹಾಕಿ ಅಂತಲೇ ಹೇಳುವುದು. ಪೆಟ್ಟಿಗೆಗೆ 18 ಎಂಎಂ, ಹಿಂಬದಿಗೆ 6 ಎಂಎಂ, ಎರಡೂ 710 ಆಗಿರಲಿ. ಎಷ್ಟೋ ಮನೆಯಲ್ಲಿ ಮುಂದೆ ಒಳ್ಳೆ ಹಲಗೆ ಹಾಕಿ, ಗೋಡೆಗೆ ತಾಗುವ ಹಿಂಬದಿಗೆ ಸಾದಾ ಹಲಗೆ ಹಾಕಿರುತ್ತಾರೆ. ಪೆಟ್ಟು ಬೀಳುವುದು ಅಲ್ಲೇ.

ಮುದ್ರೆ ಒಂದನ್ನೇ ನಂಬಬೇಡಿ. ಐಎಸ್‌ಐ ಗುರುತಿನ ಹತ್ತಿರ ಸಿಎಂ/ಎಲ್ ಅಂತ ಲೈಸೆನ್ಸ್ ನಂಬರ್ ಇರುತ್ತದೆ. ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಅನ್ನುವ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾವ ಕಂಪನಿಯದು, ಯಾವ ದರ್ಜೆಯದು ಅಂತ ತೋರಿಸುತ್ತದೆ. ಆಮೇಲೆ ಹಲಗೆಯ ಕತ್ತರಿಸಿದ ಅಂಚು ನೋಡಿ. ಪದರಗಳು ಒಂದೇ ದಪ್ಪ ಇರಬೇಕು, ನಡುವೆ ತೂತು, ಸಂದು ಕಾಣಬಾರದು. ಗೆಣ್ಣಿನಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ, ಒಳಗೆ ಟೊಳ್ಳಿದ್ದರೆ ಸದ್ದೇ ಬೇರೆ ಬರುತ್ತದೆ. ಒಂದು ಸಣ್ಣ ತುಂಡು ಇಸಿದುಕೊಂಡು ಮನೆಯಲ್ಲಿ ಪಾತ್ರೆಗೆ ಹಾಕಿ ಕುದಿಸಿ. ಕಳಪೆ ಹಲಗೆ ಒಂದು ಬೆಳಗ್ಗೆಯಲ್ಲೇ ಪುಸ್ತಕದ ಹಾಳೆ ಬಿಚ್ಚಿದಂತೆ ಬಿಚ್ಚಿಕೊಳ್ಳುತ್ತದೆ.

ಎಚ್‌ಡಿಎಚ್‌ಎಂಆರ್ ಕೆಟ್ಟ ಮಾಲಲ್ಲ. ಮೈ ಸಮ ಇರುತ್ತದೆ, ಬಾಗಿಲಿಗೆ ಚೆನ್ನಾಗಿ ಬರುತ್ತದೆ, ತೇವದ ಗಾಳಿಯನ್ನೂ ತಡೆಯುತ್ತದೆ. ಆದರೆ ತೂಕ ಜಾಸ್ತಿ, ಮತ್ತು ನೀರಿನಲ್ಲೇ ನಿಂತರೆ ಅಂಚು ಊದುತ್ತದೆ. ನೆಲ ಒರೆಸುವ ನೀರು ತಾಗುವ ಕೆಳಭಾಗಕ್ಕೆ ಅದು ಬೇಡ. ಸಾದಾ ಎಂಡಿಎಫ್ (ಮರದ ನಾರಿನದು), ಪಾರ್ಟಿಕಲ್ ಬೋರ್ಡ್ (ಮರದ ಚೂರಿನದು) ಅಂತೂ ಮಲೆನಾಡಿನ ಮನೆಗೆ ತರಲೇಬೇಡಿ. ಪಿವಿಸಿ (ಪ್ಲಾಸ್ಟಿಕ್), ಡಬ್ಲ್ಯೂಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ್ದು) ಬೋರ್ಡಿಗೆ ನೀರಿನ ಭಯವಿಲ್ಲ, ಗೆದ್ದಲಿನ ಭಯವೂ ಇಲ್ಲ. ಆದರೆ ಸ್ಕ್ರೂ ಹಿಡಿತ ಕಮ್ಮಿ, ಅಗಲದ ಶೆಲ್ಫಿಗೆ ಹಾಕಿದರೆ ಭಾರಕ್ಕೆ ಬಾಗುತ್ತದೆ.

ಎಸ್ಟೇಟ್ ದಾರಿ

ಆಚಾರ್ರೇ, ನಮ್ಮ ತೋಟದಲ್ಲೇ ಸಿಲ್ವರ್ ಓಕ್, ಹಲಸು ಇವೆ. ಮರ ಇಟ್ಟುಕೊಂಡು ಪ್ಲೈವುಡ್ಡಿಗೆ ದುಡ್ಡು ಸುರಿಯುವುದು ಯಾಕೆ? ಪೂರ್ತಿ ಮರದಲ್ಲೇ ಮಾಡಿಸಬಾರದೇ?

ಉಳಿ ಸುತ್ತಿಗೆ

ಮಾಡಿಸಬಹುದು ಅಣ್ಣ, ಆದರೆ ಕೆಲಸ ಗೊತ್ತಿರುವವರ ಕೈಲಿ. ಮರ ಮಳೆಗಾಲದಲ್ಲಿ ಅಡ್ಡಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅಗಲದ ಹಲಗೆ ಜೋಡಿಸಿ ಬಾಗಿಲು ಮಾಡಿದರೆ ಜುಲೈನಲ್ಲಿ ಹಿಡಿದುಕೊಳ್ಳುತ್ತದೆ. ಆಗ ತೋಪಡಾ ಹೊಡೆದು ಸರಿ ಮಾಡಿದರೆ ಮಾರ್ಚ್‌ನಲ್ಲಿ ಸಂದು ಕಾಣುತ್ತದೆ. ಹಳಬರು ಚೌಕಟ್ಟು ಮಾಡಿ, ಅದರಲ್ಲಿ ಕೊರೆದ ಗಾಡಿಯೊಳಗೆ ತೆಳ್ಳಗಿನ ಹಲಗೆಯನ್ನು ಅಂಟು ಹಾಕದೆ ಕೂರಿಸುತ್ತಿದ್ದರು. ಹಲಗೆ ತನ್ನ ಪಾಡಿಗೆ ಹಿಗ್ಗಿ ಕುಗ್ಗುತ್ತದೆ, ಚೌಕಟ್ಟು ಕದಲುವುದಿಲ್ಲ. ಈಗಲೂ ಮರದ ಬಾಗಿಲಿಗೆ ಅದೇ ಸರಿಯಾದ ದಾರಿ.

ಹಲಸಿನ ಕೆಚ್ಚು ಒಳ್ಳೆಯದು, ಬಣ್ಣವೂ ಚೆಂದ. ಕೆಚ್ಚಿನ ಸುತ್ತಲಿನ ಬಿಳಿ ಭಾಗ ಸೇರಿಸಿದರೆ ಹುಳು ಕೊರೆಯುತ್ತದೆ, ಹಿಟ್ಟು ಉದುರುತ್ತದೆ. ಸಿಲ್ವರ್ ಓಕ್‌ಗೆ ಔಷಧಿ ಕೊಡದೆ ಬಳಸಬೇಡಿ. ಕೊಯ್ಸಿದ ಮರ ನೆರಳಿನಲ್ಲಿ, ನಡುವೆ ರೀಪರ್ ಪಟ್ಟಿ ಇಟ್ಟು, ಚೆನ್ನಾಗಿ ಒಣಗಬೇಕು. ಈ ವರ್ಷ ಕಡಿದು ಈ ವರ್ಷವೇ ವಾರ್ಡ್‌ರೋಬ್ ಅಂದರೆ ಆಗದು.

ನಿವೃತ್ತ ಮೇಷ್ಟ್ರು

ತೋಟದವರು ಒಂದು ನೆನಪಿಡಿ. ಕರ್ನಾಟಕ ಮರ ಸಂರಕ್ಷಣಾ ಕಾಯ್ದೆ 1976 ರ ಪ್ರಕಾರ ಸಿಲ್ವರ್ ಓಕ್ ಕಡಿಯಲು ವಿನಾಯಿತಿ ಇದೆ. ಬೀಟೆ, ತೇಗಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಸ್ವಂತ ಜಮೀನಿನ ಮರವಾದರೂ ಅಷ್ಟೇ. ಬೇರೆ ಯಾವುದೇ ಜಾತಿಯ ಮರವಾದರೆ ಕೊಡಲಿ ಹಾಕುವ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಕಡೂರುರಸ್ತೆ ಮನೆ

ಹಾಳೆ ತೆಗೆದು ನೋಡಿದೆವು. ಪಶ್ಚಿಮದ ಗೋಡೆಯಲ್ಲಿ ಹಾಳೆಯ ಒಳಗೆಲ್ಲ ಹನಿ. ಬಚ್ಚಲಿನ ಕಡೆಯ ಗೂಡಿನಲ್ಲೂ ಸ್ವಲ್ಪ ಮಂಜು ಹಿಡಿದಂತಿತ್ತು. ಎರಡು ಕೋಣೆಗಳ ನಡುವಿನ ಗೋಡೆ ಒಣಗಿದೆ.

ಆ ನಡುವಿನ ಗೋಡೆ ದೊಡ್ಡ ಕೋಣೆಯ ದಕ್ಷಿಣಕ್ಕೆ ಬರುತ್ತದೆ. 14 ಅಡಿ ಉದ್ದ, ಪೂರ್ತಿ ಖಾಲಿ. ಮಂಚದ ತಲೆಭಾಗವನ್ನು ಪೂರ್ವದ ಗೋಡೆಗೆ ಇಟ್ಟರೆ ಆರೂವರೆ ಅಡಿ ಅದಕ್ಕೆ ಹೋಗುತ್ತದೆ. ಉಳಿದದ್ದರಲ್ಲಿ ಪಶ್ಚಿಮದ ಮೂಲೆಯಿಂದ 7 ಅಡಿ ವಾರ್ಡ್‌ರೋಬ್ ಮಾಡಬಹುದು. ಆದರೆ 11 ಅಡಿ ಇದ್ದದ್ದು 7 ಕ್ಕೆ ಇಳಿಯುತ್ತದೆ. ಮೂರು ಜನರ ಬಟ್ಟೆ, ಹಾಸಿಗೆ ಹೊದಿಕೆ ಎಲ್ಲ ಹಿಡಿಸುತ್ತದೆಯೇ? ಅದೇ ಯೋಚನೆ.

ನಿವೃತ್ತ ಮೇಷ್ಟ್ರು

ವಾಸ್ತು ನೋಡುವವರಾದರೆ ಅದಕ್ಕೂ ಸರಿಹೋಯ್ತಮ್ಮ. ಬೀರು ನೈಋತ್ಯ ಮೂಲೆಯಲ್ಲಿ, ಉತ್ತರಕ್ಕೆ ಬಾಗಿಲು, ತಲೆ ಪೂರ್ವಕ್ಕೆ. ನಿಮ್ಮ ಅತ್ತೆಯವರೂ ಒಪ್ಪುತ್ತಾರೆ.

ಸಕಲೇಶಪುರದ ಸೊಸೆ

7 ಅಡಿ ಧಾರಾಳ ಸಾಕು ಅಕ್ಕ, ಒಳಗಡೆ ಸರಿಯಾಗಿ ಹಂಚಿದರೆ. ಎಲ್ಲರೂ ಮಾಡುವುದು ಏನಂದರೆ ಹೊರಗಿನ ಬಣ್ಣ, ಹೊಳಪು ಆರಿಸಲು ಒಂದು ದಿನ ಪೂರ್ತಿ ಕೂರುತ್ತಾರೆ, ಒಳಗಿನದನ್ನು ಆಚಾರ್ರಿಗೆ ಬಿಟ್ಟುಬಿಡುತ್ತಾರೆ. ಆಮೇಲೆ ಸೀರೆ ಒಂದರ ಮೇಲೊಂದು ಗೋಪುರ.

ಮೊದಲು ಈಗ ಮನೆಯಲ್ಲಿರುವುದನ್ನೆಲ್ಲ ಹಾಸಿಗೆ ಮೇಲೆ ಹರಡಿ. ನೇತು ಹಾಕುವುದು ಯಾವುದು, ಮಡಚಿ ಇಡುವುದು ಯಾವುದು ಅಂತ ಬೇರೆ ಮಾಡಿ, ಟೇಪು ಹಿಡಿದು ಅಳೆಯಿರಿ. ಅಂಗಿ ಹ್ಯಾಂಗರಿಗೆ ಹಾಕಿದರೆ 40 ಇಂಚು ಎತ್ತರ ಸಾಕು. ಹಾಗಾದರೆ ಒಂದು ಭಾಗದಲ್ಲಿ ಮೇಲೊಂದು ಕೆಳಗೊಂದು ಎರಡು ರಾಡು ಬರುತ್ತವೆ. ಉದ್ದ ಗೌನು, ರೇನ್‌ಕೋಟು ಇದ್ದರೆ ಮಾತ್ರ ಉದ್ದದ ಜಾಗ ಬಿಡಿ. ಮಡಚಿದ ಸೀರೆಗೆ ಶೆಲ್ಫುಗಳ ನಡುವೆ 12 ಇಂಚು ಇರಲಿ. ಜಾಸ್ತಿ ಬಿಟ್ಟರೆ ನಾವೇ ಮೇಲೆ ಪೇರಿಸುತ್ತೇವೆ, ಅಡಿಯ ಸೀರೆ ಎಳೆದರೆ ಎಲ್ಲ ಬೀಳುತ್ತದೆ. ಎರಡು ಅಡಿ ಆಳದ ಶೆಲ್ಫಿನ ಹಿಂದೆ ಏನಿದೆ ಅಂತಲೇ ಮರೆತುಹೋಗುತ್ತದೆ. ಸೊಂಟದ ಎತ್ತರದಲ್ಲಿ ಮುಂದಕ್ಕೆ ಎಳೆಯುವ ಎರಡು ಟ್ರೇ ಹಾಕಿಸಿ.

ರಗ್ಗು, ಕಂಬಳಿ, ಸೂಟ್‌ಕೇಸು ಎಲ್ಲ ಮೇಲಿನ ಲಾಫ್ಟಿಗೆ. ನಮ್ಮ ಕಡೆ ಕಂಬಳಿ ಸಂಸಾರ ದೊಡ್ಡದು, ಲಾಫ್ಟ್ ಬೇಡ ಅನ್ನಬೇಡಿ.

ಇನ್ನೊಂದು, ದಯವಿಟ್ಟು ಕೇಳಿ: ಉಟ್ಟು ಬಿಟ್ಟ ಬಟ್ಟೆಗೆ ವಾರ್ಡ್‌ರೋಬಿನೊಳಗೆ ಜಾಗ ಮಾಡಬೇಡಿ. ಮಳೆಗಾಲದಲ್ಲಿ ಒಂದು ಅರೆ ಒಣಗಿದ ಪಂಚೆ ಒಳಗೆ ಹೋದರೂ ಸಾಕು. ನಾವು ಬಚ್ಚಲ ಒಲೆಯ ಮೇಲಿನ ತಂತಿಯಲ್ಲಿ ಗರಿಗರಿ ಆಗುವವರೆಗೆ ಒಣಗಿಸಿ, ಬಿಸಿ ಆರಿದ ಮೇಲೆಯೇ ಒಳಗಿಡುವುದು. ಬಾಗಿಲ ಹಿಂದೆ ನಾಲ್ಕು ಗೂಟ ಹೊಡೆಸಿ, ಇವತ್ತು ಉಟ್ಟದ್ದು ಅಲ್ಲಿ ನೇತಾಡಲಿ.

ಉಳಿ ಸುತ್ತಿಗೆ

ಅಕ್ಕ ಹೇಳಿದ್ದು ಸರಿಯಾಗಿದೆ. ಅಳತೆ ನಾನು ಸೇರಿಸುತ್ತೇನೆ.

7 ಅಡಿಯನ್ನು ಮೂರು ಭಾಗ ಮಾಡಿ. ಒಂದೊಂದೂ ಎರಡು ಕಾಲು ಅಡಿ ಆಸುಪಾಸು ಬರುತ್ತದೆ. 18 ಎಂಎಂ ಹಲಗೆಯ ಶೆಲ್ಫು ಮೂರು ಅಡಿ ಉದ್ದ ಆದರೆ ಸೀರೆಯ ಭಾರಕ್ಕೆ ನಡುವೆ ಜೋಲುತ್ತದೆ, ಅದಕ್ಕೇ ಈ ಲೆಕ್ಕ. ಭಾಗಕ್ಕೆ ಎರಡರಂತೆ ಆರು ಬಾಗಿಲು, ಒಂದೊಂದೂ 14 ಇಂಚು. ಸಣ್ಣ ಬಾಗಿಲಿಗೆ ತೂಕ ಕಮ್ಮಿ, ಹಿಂಜು ಇಳಿಯುವುದಿಲ್ಲ. 7 ಅಡಿ ಎತ್ತರಕ್ಕೆ ಬಾಗಿಲು ನಿಲ್ಲಿಸಿ, ಮೇಲಿನ ಲಾಫ್ಟಿಗೆ ಬೇರೆ ಬಾಗಿಲು ಕೊಡಿ. ತಾರಸಿವರೆಗೆ ಒಂದೇ ಬಾಗಿಲು ಫೋಟೋದಲ್ಲಿ ಚೆಂದ, ಆದರೆ ನಮ್ಮ ಹವೆಗೆ ಅಷ್ಟುದ್ದದ ಬಾಗಿಲು ತಿರುಚಿಕೊಳ್ಳುತ್ತದೆ. 7 ಅಡಿ ಬಾಗಿಲಿಗೆ ನಾಲ್ಕು ಹಿಂಜು ಬೇಕು, ಮೂರಕ್ಕೆ ಒಪ್ಪಬೇಡಿ.

ಬಾಗಿಲಿನ ಎರಡೂ ಮೈಗೆ ಒಂದೇ ದಪ್ಪದ ಲ್ಯಾಮಿನೇಟ್ ಹಾಕಿಸಿ. ಹೊರಗೆ 1 ಎಂಎಂ ಹಾಕಿ ಒಳಗೆ ತೆಳುವಾದದ್ದನ್ನೋ, ಬರೀ ಪೇಂಟನ್ನೋ ಹಾಕಿದರೆ ಒಂದು ಮಳೆಗಾಲದಲ್ಲಿ ಬಾಗಿಲು ಬಿಲ್ಲಾಗುತ್ತದೆ. ಕತ್ತರಿಸಿದ ಎಲ್ಲ ಅಂಚಿಗೂ ಎಡ್ಜ್ ಬ್ಯಾಂಡ್, ಅಂದರೆ ಅಂಚು ಮುಚ್ಚುವ ಪಟ್ಟಿ, ಬರಬೇಕು. ಕಣ್ಣಿಗೆ ಕಾಣದ ಅಡಿಯ ಅಂಚು, ಗೋಡೆ ಕಡೆಯ ಅಂಚು ಸೇರಿ. ತೇವ ಹಲಗೆಯೊಳಗೆ ಹೋಗುವುದೇ ಅಂಚಿನಿಂದ.

ಒಳಗಿನ ಆಳ 22 ಇಂಚು ಇರಲಿ, ಹ್ಯಾಂಗರ್ ಆರಾಮಾಗಿ ಕೂರುತ್ತದೆ. ಹಿಂಬದಿ ಹಲಗೆಗೂ ಗೋಡೆಗೂ ನಡುವೆ ಒಂದು ಇಂಚು ಬಿಡಿ. ಕೆಳಗೆ ನಾಲ್ಕು ಇಂಚು ಎತ್ತರದ ಪೀಠ ಮಾಡಿ, ಅದನ್ನು ಕಡಪ ಕಲ್ಲಿನಿಂದಲೋ ಗ್ರಾನೈಟಿನಿಂದಲೋ ಮಾಡಿ. ನೆಲ ಒರೆಸುವ ನೀರೂ ತಾಗುವುದಿಲ್ಲ, ಗೆದ್ದಲು ಬಂದರೂ ಮೊದಲು ಕಣ್ಣಿಗೆ ಬೀಳುತ್ತದೆ. ಪೀಠದಲ್ಲಿ ಮತ್ತು ಲಾಫ್ಟಿನ ಮೇಲ್ಭಾಗದಲ್ಲಿ ಜಾಲರಿಯ ಕಿಂಡಿ ಬಿಟ್ಟರೆ ಹಿಂದಿನ ಒಂದು ಇಂಚಿನಲ್ಲಿ ಗಾಳಿ ಕೆಳಗಿಂದ ಮೇಲಕ್ಕೆ ಓಡಾಡುತ್ತದೆ. ಮೇಲೂ ಕೆಳಗೂ ಸಿಲಿಕೋನ್ ಹಾಕಿ ಮುಚ್ಚಿದರೆ ಆ ಸಂದು ಬಿಟ್ಟೂ ದಂಡ.

ವಿದ್ಯಾನಗರ ಬಾಡಿಗೆ

ನಾನು ಹಾಸನದಲ್ಲಿ ಬಾಡಿಗೆ ಮನೆಯಲ್ಲಿರುವವನು. ಉಕ್ಕಿನ ಬೀರು ಯಾರೂ ಹೇಳುತ್ತಿಲ್ಲವಲ್ಲ. ಗೆದ್ದಲಿಲ್ಲ, ಗೋಡೆ ಬಿಟ್ಟು ನಿಲ್ಲಿಸಬಹುದು, ಒದ್ದೆ ಬಂದರೆ ಬೇರೆ ಕಡೆ ಸರಿಸಬಹುದು. ವಾರ್ಡ್‌ರೋಬನ್ನು ಸರಿಸಲು ಆಗುತ್ತದೆಯೇ?

ಮೂಡಿಗೆರೆ ಕಾಫಿಹೂವು

ಸರಿಸಬಹುದು ಅನ್ನುವುದು ದೊಡ್ಡ ಗುಣ, ಒಪ್ಪುತ್ತೇನೆ. ಕಾಲಿನ ಹತ್ತಿರ ತುಕ್ಕು ಹಿಡಿಯದ ಹಾಗೆ ಮರದ ತುಂಡಿನ ಮೇಲೆ ನಿಲ್ಲಿಸಬೇಕು ಅಷ್ಟೇ. ಕಡೂರುರಸ್ತೆ ಅಕ್ಕ, ಗೃಹಪ್ರವೇಶಕ್ಕೆ ಇದೇ ದಾರಿ ಅಲ್ವಾ? ಹಳೆ ಬೀರು ಒಳಗಿನ ಗೋಡೆಗೆ ಇಟ್ಟುಕೊಂಡು ಬೇಸಿಗೆವರೆಗೆ ತಳ್ಳಿ. ಬಂದ ನೆಂಟರು ಬೀರು ನೋಡಿ ಹೋಗುತ್ತಾರೆ, ಪರವಾಗಿಲ್ಲ.

ಮಾಳಿಗೆ ಮನೆ

ಜಾರುವ ಬಾಗಿಲಿನ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಮನೆಯಲ್ಲಿದೆ. ಮಂಚಕ್ಕೂ ವಾರ್ಡ್‌ರೋಬಿಗೂ ನಡುವೆ ಜಾಗ ಎರಡೇ ಅಡಿ, ಅದಕ್ಕೆ ಬೇರೆ ದಾರಿ ಇರಲಿಲ್ಲ. ಅಂಥ ಕೋಣೆಗೆ ಅದು ವರವೇ. ಆದರೆ ಯಾವಾಗಲೂ ಅರ್ಧ ಮಾತ್ರ ತೆರೆಯುತ್ತದೆ. ಹಳಿಯಲ್ಲಿ ಧೂಳು, ಕೂದಲು ಸೇರುತ್ತದೆ, ವಾರಕ್ಕೊಮ್ಮೆ ಬ್ರಶ್ ಹಾಕಬೇಕು. ಹಳಿಗೆ ಮೂರು ನಾಲ್ಕು ಇಂಚು ಆಳ ಜಾಸ್ತಿ ಬೇಕು. ಬಿಸಿಲು ಬಿದ್ದ ದಿನ ಎಲ್ಲ ಬಾಗಿಲು ಹಾರುಹೊಡೆದು ಗಾಳಿ ಆಡಿಸೋಣ ಅಂದರೆ ಆಗುವುದಿಲ್ಲ. ನಿಮ್ಮ ವಾರ್ಡ್‌ರೋಬಿನ ಮುಂದೆ 9 ಅಡಿ ಉಳಿಯುತ್ತದೆ. ಯಾಕೆ ಬೇಕು? ತೆರೆಯುವ ಬಾಗಿಲೇ ಹಾಕಿಸಿ.

ಕಡೂರುರಸ್ತೆ ಮನೆ

ದೊಡ್ಡ ಕೋಣೆ ಬಹುತೇಕ ತೀರ್ಮಾನ ಆಯ್ತು. ಇನ್ನು ಅತ್ತೆಯ ಕೋಣೆಯ ಗೂಡು. ಒಂದೂವರೆ ಅಡಿ ಆಳಕ್ಕೆ ಹ್ಯಾಂಗರ್ ಹಿಡಿಸುತ್ತಿಲ್ಲ, ಬಾಗಿಲಿಗೆ ತಾಗುತ್ತದೆ. ಕಡಪ ಕಲ್ಲು ಕಿತ್ತು ಪ್ಲೈವುಡ್ ಪೆಟ್ಟಿಗೆ ಕೂರಿಸಿ ಅಂತ ಅಂಗಡಿಯವರು ಹೇಳುತ್ತಿದ್ದಾರೆ. ಹಿಂದೆ ಬಚ್ಚಲಿನ ಗೋಡೆ. ಏನು ಮಾಡೋಣ?

ಸಿವಿಲ್ ಕೆಲಸ

ಕೀಳಬೇಡಿ. ಬಚ್ಚಲಿನ ಗೋಡೆಗೆ ಕಲ್ಲಿಗಿಂತ ಒಳ್ಳೆಯದು ಇಲ್ಲ. ಕೊಳೆಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ. ಮೊದಲು ಆ ಮಂಜಿನ ಮೂಲ ಹುಡುಕಿ. ಹೊಸ ಗಾರೆಯ ನೀರೋ, ಪೈಪೋ? ಪ್ಲಂಬರ್ ಕರೆಸಿ ಪೈಪಿಗೆ ಒತ್ತಡ ಕೊಟ್ಟು ಪರೀಕ್ಷೆ ಮಾಡಿಸಿ, ಒತ್ತಡ ಇಳಿಯದೆ ನಿಂತರೆ ಪೈಪು ಸರಿಯಿದೆ. ಬಚ್ಚಲಿನ ಒಳಗೆ ಟೈಲ್ಸ್ ಹಾಕುವ ಮೊದಲು ಆ ಗೋಡೆಗೆ ವಾಟರ್‌ಪ್ರೂಫಿಂಗ್ ಹೊಡೆಸಿ. ಟೈಲ್ಸ್ ಕೆಲಸ ನಡೆಯುತ್ತಿದೆ ಅಂದಿರಿ, ಈ ವಾರವೇ ಮೇಸ್ತ್ರಿಗೆ ಹೇಳಿ. ಆಮೇಲೆ ಆದರೆ ಟೈಲ್ಸ್ ಒಡೆಯಬೇಕಾಗುತ್ತದೆ.

ಗೂಡಿನ ಹಿಂದಿನ ಗೋಡೆಗೆ ಹಲಗೆ ಹೊಡೆಸಬೇಡಿ. ಬರೀ ಪೇಂಟ್ ಇರಲಿ. ಪಸೆ ಬಂದರೆ ತಕ್ಷಣ ಕಣ್ಣಿಗೆ ಕಾಣಬೇಕು.

ಉಳಿ ಸುತ್ತಿಗೆ

ಗೂಡಿಗೆ ಬಾಗಿಲು ಲೂವರ್‌ನದು ಮಾಡಿಸಿ, ಅಂದರೆ ಗಾಳಿ ಆಡಲು ಕೆಳಗೂ ಮೇಲೂ ಓರೆ ಪಟ್ಟಿಗಳ ನಡುವೆ ಸಂದು ಬಿಟ್ಟಿರುವಂಥದು. ಕಡಪ ಕಲ್ಲು ತಣ್ಣಗಿರುತ್ತದೆ, ಅದರ ಮೇಲೆ ಬಟ್ಟೆ ನೇರವಾಗಿ ಇಡಬೇಡಿ, ಹಳೆ ಕಾಟನ್ ಸೀರೆ ಮಡಚಿ ಹಾಸಿ. ಹ್ಯಾಂಗರ್ ಬೇಕೇ ಬೇಕು ಅಂದರೆ ಅಡ್ಡ ರಾಡು ಬಿಟ್ಟು ಹಿಂದಿನಿಂದ ಮುಂದಕ್ಕೆ ಎಳೆಯುವ ರಾಡು ಸಿಗುತ್ತದೆ, ಅದನ್ನು ಹಾಕಿ. ಬಟ್ಟೆ ಬಾಗಿಲಿಗೆ ಮುಖ ಮಾಡಿ ನಿಲ್ಲುತ್ತದೆ.

ಸಕಲೇಶಪುರದ ಸೊಸೆ

ನಮ್ಮ ಅತ್ತೆಗೂ ಮಂಡಿ ನೋವು. ಅವರು ದಿನಾ ಮುಟ್ಟುವುದೆಲ್ಲ ಮಂಡಿಯಿಂದ ಮೇಲೆ, ಭುಜದಿಂದ ಕೆಳಗೆ ಇರಬೇಕು. ದಿನಬಳಕೆ ಸೀರೆ, ರವಿಕೆ, ಸ್ವೆಟರ್, ಮಾತ್ರೆ ಡಬ್ಬಿ, ಎಲ್ಲ. ತಳದ ಕಲ್ಲಿಗೆ ವರ್ಷಕ್ಕೊಮ್ಮೆ ತೆಗೆಯುವ ಸಾಮಾನು ಹಾಕಿ, ಅವರು ಬಗ್ಗಲೇಬಾರದು.

ಹಿಡಿಕೆ ಗುಂಡಗಿನದು ಬೇಡ. ಬೆರಳು ನಾಲ್ಕೂ ಒಳಗೆ ಹೋಗುವ ಉದ್ದ ಹಿಡಿಕೆ ಹಾಕಿಸಿ. ಒತ್ತಿದರೆ ತೆರೆಯುವ ಬಾಗಿಲು ಹೊಸದರಲ್ಲಿ ಚೆಂದ, ವಯಸ್ಸಾದವರಿಗೆ ಎಲ್ಲಿ ಒತ್ತಬೇಕು ಅಂತಲೇ ಗೊತ್ತಾಗುವುದಿಲ್ಲ. ಒಳಗೊಂದು ಸಣ್ಣ ಲೈಟ್ ಹಾಕಿಸಿ, ಬಾಗಿಲು ತೆಗೆದರೆ ಹತ್ತಬೇಕು. ಕಪ್ಪು ಕಲ್ಲಿನ ಮೇಲೆ ಕಡುಬಣ್ಣದ ರವಿಕೆ ಕಾಣುವುದೇ ಇಲ್ಲ. ಅದಕ್ಕೆ ವೈರ್ ಈಗಲೇ ಎಳೆಸಿ.

ಮಾಳಿಗೆ ಮನೆ

ಲೈಟ್ ಅಂದಾಗ ನೆನಪಾಯಿತು. ತೇವ ಹೋಗಲಿ ಅಂತ ಕೆಲವರು ವಾರ್ಡ್‌ರೋಬಿನೊಳಗೆ ಹಳೆ ಕಾಲದ ಬಲ್ಬು ಉರಿಸಿ ಬಿಡುತ್ತಾರೆ. ಅದು ಬೇಡವೇ ಬೇಡ, ಬಟ್ಟೆ ತಾಗಿದರೆ ಬೆಂಕಿ. ಅದರ ಬದಲು ಕ್ಯಾಲ್ಸಿಯಂ ಕ್ಲೋರೈಡ್ ಇರುವ ತೇವ ಹೀರುವ ಡಬ್ಬಿ ಇಡಿ. ನೀರು ತುಂಬಿದಾಗ ಚೆಲ್ಲದಂತೆ ಎತ್ತಿ ಬದಲಿಸಬೇಕು, ಹಾಗಾಗಿ ತಳದಲ್ಲೇ ಇರಲಿ.

ಮೂಡಿಗೆರೆ ಕಾಫಿಹೂವು

ಹುಳುವಿಗೆ ನಾವು ಬಜೆ ಬೇರಿನ ತುಂಡು, ಒಣಗಿದ ಬೇವಿನ ಎಲೆಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಕಂಬಳಿ ನಡುವೆ ಇಡುತ್ತೇವೆ. ಲಾವಂಚದ ಕಟ್ಟು ಇಟ್ಟರೆ ಪರಿಮಳ ಚೆನ್ನ. ನುಸಿ ಗುಳಿಗೆ ಹಾಕುವವರು ಜರಿಗೆ ತಾಗದಂತೆ ಬಟ್ಟೆಯಲ್ಲಿ ಸುತ್ತಿ ಹಾಕಿ. ಹಸುಗೂಸಿನ ಬಟ್ಟೆ ಇರುವ ಕಡೆ ನುಸಿ ಗುಳಿಗೆ ಬೇಡ. ರೇಷ್ಮೆ ಸೀರೆಯನ್ನು ಮಳೆ ಮುಗಿದ ಮೇಲೆ ಒಮ್ಮೆ ನೆರಳಲ್ಲಿ ಗಾಳಿಗೆ ಹಾಕಿ, ಮಡಿಕೆ ಬದಲಿಸಿ ಇಡಿ.

ಅರಸೀಕೆರೆ ತೆಂಗು

ನಾನು ಮೊದಲು ಹೇಳಿದ್ದು ನಮ್ಮ ಊರಿನ ಮಾತು. ಇಷ್ಟು ಓದಿದ ಮೇಲೆ ನಿಮ್ಮ ಕಡೆ ಬೇರೆಯೇ ಅಂತ ಗೊತ್ತಾಯಿತು. ಗೆದ್ದಲಿನ ಬಗ್ಗೆ ಮಾತ್ರ ನನ್ನ ಮಾತು ಕೇಳಿ. ಪೆಟ್ಟಿಗೆ ಕೂರಿಸುವ ಮುಂಚೆ ಗೋಡೆ ಮತ್ತು ನೆಲ ಸೇರುವ ಜಾಗದಲ್ಲಿ ಸಾಲಾಗಿ ತೂತು ಕೊರೆದು ಗೆದ್ದಲು ಔಷಧಿ ಹೊಯ್ಯಿಸಿ, ತೂತು ಮುಚ್ಚಿಸಿ. ಕೂರಿಸಿದ ಮೇಲೆ ಆ ಜಾಗ ಕೈಗೆ ಸಿಗುವುದಿಲ್ಲ.

ಕಡೂರುರಸ್ತೆ ಮನೆ

ಎಲ್ಲರಿಗೂ ಮನಸಾರೆ ಧನ್ಯವಾದ. ನಮ್ಮ ಮನೆಯವರು, ಅತ್ತೆ, ನಾನು ಕೂತು ಮಾತಾಡಿದೆವು. ತೀರ್ಮಾನ ಹೀಗಿದೆ.

ಬಚ್ಚಲಿನ ಗೋಡೆಗೆ ವಾಟರ್‌ಪ್ರೂಫಿಂಗ್ ಹೊಡೆಸುತ್ತಿದ್ದೇವೆ. ಪೈಪಿನ ಪರೀಕ್ಷೆ ಆಯ್ತು, ಸೋರಿಕೆ ಇಲ್ಲ. ಗೃಹಪ್ರವೇಶದ ಹೊತ್ತಿಗೆ ಅತ್ತೆಯ ಗೂಡಿಗೆ ಲೂವರ್ ಬಾಗಿಲು ಬರುತ್ತದೆ, ಕಲ್ಲು ಹಾಗೇ ಇರುತ್ತದೆ. ದೊಡ್ಡ ಕೋಣೆಗೆ ಸದ್ಯ ಹಳೆ ಉಕ್ಕಿನ ಬೀರು. ಏಪ್ರಿಲ್‌ನಲ್ಲಿ ಮತ್ತೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡಿ, ಒಣಗಿದ್ದರೆ ದಕ್ಷಿಣದ ಗೋಡೆಗೆ 7 ಅಡಿ ವಾರ್ಡ್‌ರೋಬ್. ಪಶ್ಚಿಮದ ಗೋಡೆಗೆ ಹೊರಗಿನಿಂದ ಬಿರುಕು ಮುಚ್ಚಿಸಿ ಪೇಂಟ್ ಮಾಡಿಸುತ್ತೇವೆ, ಒಳಗೆ ಒಂದು ಓದುವ ಮೇಜು ಮಾತ್ರ.

ಫ್ಯಾಕ್ಟರಿಯೋ ಆಚಾರ್ರೋ ಅನ್ನುವುದೊಂದೇ ಉಳಿದಿದೆ.

ಉಳಿ ಸುತ್ತಿಗೆ

ನಾನೇ ಆಚಾರಿ, ಆದರೂ ಇದ್ದದ್ದು ಹೇಳುತ್ತೇನೆ. ಎಡ್ಜ್ ಬ್ಯಾಂಡ್ ವಿಷಯದಲ್ಲಿ ಫ್ಯಾಕ್ಟರಿ ಮೇಲು. ಮೆಷಿನ್ನು ಬಿಸಿ ಅಂಟು ಹಾಕಿ ಒತ್ತುವುದು ಕೈಯಲ್ಲಿ ಬರುವುದಿಲ್ಲ. ಗೋಡೆ ವಿಷಯದಲ್ಲಿ ಆಚಾರ್ರು ಮೇಲು. ನಮ್ಮ ಊರಿನ ಯಾವ ಗೋಡೆಯೂ ತೂಗುಗುಂಡಿಗೆ ಸರಿಯಾಗಿ ನಿಲ್ಲುವುದಿಲ್ಲ, ಅದಕ್ಕೆ ತಕ್ಕಂತೆ ಕೆತ್ತಿ ಕೂರಿಸಬೇಕು. ಮುಂದೆ ಹಿಂಜು ಸಡಿಲ ಆದರೆ ಕರೆದ ಸಂಜೆ ಬರುವವನೂ ಅವನೇ. ಈಗ ಹಲಗೆ ಅಳತೆಗೆ ಕತ್ತರಿಸಿ ಮೆಷಿನ್‌ನಲ್ಲೇ ಎಡ್ಜ್ ಬ್ಯಾಂಡ್ ಮಾಡಿಕೊಡುವ ಕಡೆಗಳಿವೆ. ನಿಮ್ಮ ಆಚಾರ್ರು ಅಳತೆ ಬರೆದುಕೊಟ್ಟು ಅಲ್ಲಿ ಮಾಡಿಸಿ ತಂದು ಜೋಡಿಸಲಿ. ಬಾಗಿಲು ಕಿಟಕಿ ಚೆನ್ನಾಗಿ ಮಾಡಿದ್ದರೆ ಅವರಿಗೇ ಕೊಡಿ.

ಯಾರಿಗೆ ಕೊಟ್ಟರೂ ಬರವಣಿಗೆಯಲ್ಲಿ ಇರಲಿ. ಚದರ ಅಡಿ ಲೆಕ್ಕ ಅಂದರೆ ಮುಂಭಾಗದ ಉದ್ದ ಎತ್ತರವೇ? ಲಾಫ್ಟ್ ಸೇರಿದೆಯೇ? ಡ್ರಾಯರ್, ಟ್ರೇ, ಹಿಡಿಕೆ, ಲೈಟ್ ಬೇರೆಯೇ? ಹಿಂಬದಿ ಹಲಗೆ ಯಾವ ದರ್ಜೆ? ಹಿಂಜು ಯಾವ ಕಂಪನಿಯದು? ಹಲಗೆ ಮನೆಗೆ ಇಳಿಸುವ ದಿನ ನೀವೇ ನಿಂತು ಒಂದೊಂದರ ಮುದ್ರೆ ನೋಡಿ ಫೋಟೋ ತೆಗೆಯಿರಿ. ಲ್ಯಾಮಿನೇಟ್ ಅಂಟಿಸಿದ ಮೇಲೆ ಒಳಗಿನ ಹಲಗೆ ಯಾವುದು ಅಂತ ಯಾರಿಗೂ ಹೇಳಲು ಬರುವುದಿಲ್ಲ. ದುಡ್ಡು ಹಂತ ಹಂತವಾಗಿ ಕೊಡಿ, ಕೊನೆಯ ಕಂತು ಎಲ್ಲ ಬಾಗಿಲು ಸರಾಗ ಮುಚ್ಚಿದ ಮೇಲೆ.

ಕಡೂರುರಸ್ತೆ ಮನೆ

ಆಯ್ತು ಆಚಾರ್ರೇ, ನಮ್ಮ ಆಚಾರ್ರಿಗೇ ಕೊಡುತ್ತೇವೆ. ನಾಳೆ ಅವರು ಗೂಡಿನ ಬಾಗಿಲಿಗೆ ಅಳತೆ ತೆಗೆಯಲು ಬರುತ್ತಾರೆ, ನೀವು ಬರೆದದ್ದನ್ನು ತೋರಿಸುತ್ತೇನೆ. ಏಪ್ರಿಲ್‌ನಲ್ಲಿ ಗೋಡೆ ಒಣಗಿತೋ ಇಲ್ಲವೋ ಇಲ್ಲೇ ಬಂದು ಹೇಳುತ್ತೇನೆ.